ವಾರ್ಡಿನ ನೆಲಕ್ಕೆ ಯಾವ ಶೂ: ದೀರ್ಘ ಪಾಳಿಯ ಶುಶ್ರೂಷಕರಿಗೊಂದು ಹೋಲಿಕೆ

ಅಂಗಡಿಯಲ್ಲಿ ಶೂ ತೊಟ್ಟು ನಾಲ್ಕು ಹೆಜ್ಜೆ ನಡೆದಾಗ ಹತ್ತಿಯ ಮೇಲೆ ಕಾಲಿಟ್ಟಂತೆ ಹಿತವೆನಿಸಿದರೆ ಹೆಚ್ಚಿನವರು ಅದನ್ನೇ ಕೊಂಡು ಬರುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಕೊಂಡವಳು. ಆ ನಾಲ್ಕು ಹೆಜ್ಜೆಯ ಹಿತಕ್ಕೂ ರಾತ್ರಿ ಪಾಳಿಯ ಹತ್ತನೆಯ ಗಂಟೆಯಲ್ಲಿ ಹಿಮ್ಮಡಿ, ಮೀನಖಂಡ, ಸೊಂಟ ಹೇಳುವ ಕಥೆಗೂ ತಾಳೆಯಾಗುವುದು ಬಹಳ ಕಡಿಮೆ ಎಂಬುದು ವಾರ್ಡಿನಲ್ಲಿ ವರ್ಷಗಟ್ಟಲೆ ನಡೆದ ಮೇಲೆ ತಿಳಿಯಿತು. ಮೆತ್ತಗಿರುವುದು ಬೇರೆ, ಕಾಲಿಗೆ ಆಧಾರ ಕೊಡುವುದು ಬೇರೆ. ಈ ಹೋಲಿಕೆಯಲ್ಲಿ ಎರಡನೆಯದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಬೆಲೆಯನ್ನು ಅದರ ಪಕ್ಕದಲ್ಲಿ ತೂಗಿ ನೋಡಿದ್ದೇನೆ.

ಮೊದಲು ಕೆಲಸದ ಜಾಗ

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗಳು 6 ಗಂಟೆಯವು, ರಾತ್ರಿಯದು 12 ಗಂಟೆಯದು. ಖಾಸಗಿ ಆಸ್ಪತ್ರೆಗಳಲ್ಲಿ 8 ಗಂಟೆಯ ಪದ್ಧತಿಯೂ ಇದೆ, 12 ಗಂಟೆಯದೂ ಇದೆ. ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡಿಂಗ್ ಓವರ್ ಮುಗಿಯುವ ತನಕದ ಇನ್ನೊಂದು ಅರ್ಧ ಗಂಟೆ ಮಾತ್ರ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಆದರೆ ಶೂ ಆರಿಸುವವರು ಗಂಟೆಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಆ ಗಂಟೆಗಳಲ್ಲಿ ತಮ್ಮ ಕಾಲು ಏನು ಮಾಡುತ್ತಿರುತ್ತದೆ ಎಂಬುದನ್ನು.

ಜನರಲ್ ವಾರ್ಡಿನಲ್ಲಿ ಕೆಲಸವೆಂದರೆ ಮುಖ್ಯವಾಗಿ ನಡಿಗೆ. ನರ್ಸಿಂಗ್ ಸ್ಟೇಷನ್ನಿನಿಂದ ಕೊನೆಯ ಮಂಚಕ್ಕೆ, ಅಲ್ಲಿಂದ ಔಷಧದ ಕಪಾಟಿಗೆ, ಮತ್ತೆ ಟ್ರಾಲಿ ತಳ್ಳಿಕೊಂಡು ಸಾಲಿನುದ್ದಕ್ಕೂ. ಐಸಿಯುವಿನಲ್ಲಿ ನಡಿಗೆ ಕಡಿಮೆ. ಒಂದೆರಡು ಮಂಚಗಳ ಸುತ್ತ ಪುಟ್ಟ ಪುಟ್ಟ ಹೆಜ್ಜೆ, ಬಾಗುವುದು, ರೋಗಿಯನ್ನು ಮಗ್ಗುಲು ಬದಲಿಸಲು ಕಾಲೂರಿ ಎತ್ತುವುದು ಹೆಚ್ಚು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸ್ಕ್ರಬ್ ಆಗಿ, ಅಂದರೆ ಕೈ ತೊಳೆದು ಗೌನು ತೊಟ್ಟು ವೈದ್ಯರ ಪಕ್ಕದಲ್ಲಿ ನಿಂತವರ ಪಾಡು ಇನ್ನೊಂದು ಬಗೆಯದು: ಮೂರು ಗಂಟೆ, ನಾಲ್ಕು ಗಂಟೆ ಒಂದೇ ಜಾಗದಲ್ಲಿ ನಿಲ್ಲಬೇಕು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿದಂತೆಲ್ಲ ಕಾಲಿನ ರಕ್ತ ಮೇಲಕ್ಕೇರುತ್ತದೆ, ನಿಂತೇ ಇದ್ದರೆ ಆ ಪಂಪು ಕೆಲಸ ಮಾಡುವುದಿಲ್ಲ, ಹಾಗಾಗಿ ನಡೆದವರಿಗಿಂತ ನಿಂತವರ ಪಾದವೇ ಹೆಚ್ಚು ಊದಿಕೊಳ್ಳುತ್ತದೆ. ಕ್ಯಾಶುಯಲ್ಟಿಯಲ್ಲಿ ಓಡಬೇಕು, ಹೆರಿಗೆ ವಾರ್ಡಿನಲ್ಲಿ ನೆಲ ಯಾವ ಗಳಿಗೆಯಲ್ಲಿ ಒದ್ದೆಯಾಗುತ್ತದೆಂದು ಹೇಳಲಾಗದು. ಎಲ್ಲರಿಗೂ ಇದೇ ಒಳ್ಳೆಯದು ಎಂದು ಒಂದೇ ಶೂ ತೋರಿಸುವವರ ಮಾತನ್ನು ನಾನು ನಂಬದಿರುವುದು ಇದಕ್ಕಾಗಿಯೇ.

ಅಪಾಯದ ಲೆಕ್ಕ ಎಲ್ಲ ಕಡೆಯೂ ಒಂದೇ. ಕೈತಪ್ಪಿದ ಸೂಜಿ, ಒಡೆದ ಆಂಪೂಲು ಎಂಬ ಗಾಜಿನ ಔಷಧ ಕುಪ್ಪಿ, ಚೆಲ್ಲಿದ ರಕ್ತ, ಹಳಿ ತಪ್ಪಿದ ಆಕ್ಸಿಜನ್ ಸಿಲಿಂಡರಿನ ಟ್ರಾಲಿ ಇವೆಲ್ಲ ಬರುವುದು ಪಾದದ ಮೇಲ್ಭಾಗಕ್ಕೆ. ಆದ್ದರಿಂದ ಬೆರಳು ಕಾಣುವ ಯಾವ ಪಾದರಕ್ಷೆಯೂ, ಅದು ಎಷ್ಟೇ ಹಿತವಾಗಿರಲಿ, ರೋಗಿಯ ಹತ್ತಿರದ ಕೆಲಸಕ್ಕೆ ತಕ್ಕದ್ದಲ್ಲ. ಇದೊಂದು ವಿಷಯದಲ್ಲಿ ಮಾತ್ರ ನಾನು ಹೋಲಿಕೆ ಮಾಡುವುದಿಲ್ಲ.

ಬಿಳಿ ಕ್ಯಾನ್ವಾಸ್, ಬೆಲ್ಲಿ ಮತ್ತು ಡಾಕ್ಟರ್ ಚಪ್ಪಲಿ

ನರ್ಸಿಂಗ್ ಓದುವ ಮಕ್ಕಳು ಮೊದಲ ಕ್ಲಿನಿಕಲ್ ಪೋಸ್ಟಿಂಗಿಗೆ ಬರುವಾಗ ಅನೇಕರ ಕಾಲಲ್ಲಿರುವುದು ಶಾಲೆಯ ಪಿ.ಟಿ. ತರಗತಿಯ ನೆನಪು ತರುವ ಬಿಳಿ ಕ್ಯಾನ್ವಾಸ್ ಶೂ. ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಬಿಳಿ ಬಣ್ಣದ ನಿಯಮಕ್ಕೆ ಒಪ್ಪುತ್ತದೆ, ಒಗೆದು ಒಣಹಾಕಬಹುದು, ಅದರ ರಬ್ಬರ್ ಅಟ್ಟೆ ಒಣ ಟೈಲ್ಸಿನ ಮೇಲೆ ಚೆನ್ನಾಗಿಯೇ ಹಿಡಿಯುತ್ತದೆ. ತೊಂದರೆಯೆಂದರೆ ಆ ಅಟ್ಟೆ ತೆಳು ಮತ್ತು ಪೂರ್ತಿ ಚಪ್ಪಟೆ. ಹಿಮ್ಮಡಿಗೂ ಗ್ರಾನೈಟ್ ನೆಲಕ್ಕೂ ನಡುವೆ ಬೆರಳ ದಪ್ಪದ ರಬ್ಬರೂ ಇರುವುದಿಲ್ಲ. ಜೊತೆಗೆ ಬಟ್ಟೆಯಾದ್ದರಿಂದ ಚೆಲ್ಲಿದ್ದೆಲ್ಲ ಒಳಗಿಳಿಯುತ್ತದೆ. 6 ಗಂಟೆಯ ಪಾಳಿಗೆ, ಇಪ್ಪತ್ತರ ವಯಸ್ಸಿಗೆ, ದಪ್ಪನೆಯ ಒಳಅಟ್ಟೆಯೊಂದನ್ನು ಹಾಕಿಕೊಂಡರೆ ನಡೆದೀತು. 12 ಗಂಟೆಗೆ ಬೇಡ.

ಬೆಲ್ಲಿ ಎಂದು ಅಂಗಡಿಯವರು ಕರೆಯುವ ಚಪ್ಪಟೆ ಶೂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡಲು ಚೆಂದ, ತೊಡಲು ಸುಲಭ. ಆದರೆ ಕಾಲಿನಿಂದ ಜಾರದಿರಲೆಂದು ಬೆರಳುಗಳು ಹೆಜ್ಜೆಹೆಜ್ಜೆಗೂ ಅವನ್ನು ಬಿಗಿಹಿಡಿಯಬೇಕಾಗುತ್ತದೆ. ಆ ಬಿಗಿತವೇ ಸಂಜೆಯ ಹೊತ್ತಿಗೆ ಅಂಗಾಲಿನ ಸೆಳೆತವಾಗುತ್ತದೆ.

ಡಾಕ್ಟರ್ ಚಪ್ಪಲಿ, ಆರ್ಥೋ ಚಪ್ಪಲಿ ಎಂಬ ಹೆಸರಿನಲ್ಲಿ ಮಾರಾಟವಾಗುವ ದಪ್ಪ ಅಟ್ಟೆಯ ಚಪ್ಪಲಿಗಳು ಮನೆಗೆ ನಿಜಕ್ಕೂ ಒಳ್ಳೆಯವು. ರಾತ್ರಿ ಪಾಳಿ ಮುಗಿಸಿ ಬಂದು ಬರಿಗಾಲಿನಲ್ಲಿ ತಣ್ಣನೆಯ ನೆಲ ತುಳಿಯುವುದಕ್ಕಿಂತ ಇವನ್ನು ಮೆಟ್ಟಿ ಅಡುಗೆಮನೆಯಲ್ಲಿ ಓಡಾಡುವುದು ಹಿಮ್ಮಡಿಗೆ ಹಿತ. ನಮಗೆಲ್ಲ ಪರಿಚಿತವಾದ ಇದರ ಹಿರಿಯಕ್ಕ ಎಂದರೆ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ. ಸ್ಪರ್ಶ ಕಳೆದುಕೊಂಡ ಪಾದಗಳಲ್ಲಿ ಹುಣ್ಣಾಗದಿರಲೆಂದು ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ರೋಗಿಗಳಿಗೆ ಕೊಡುವುದು ಇದನ್ನೇ. ಒತ್ತಡವನ್ನು ಇಡೀ ಅಂಗಾಲಿಗೆ ಹಂಚುವ ಮೃದು ರಬ್ಬರು ಒಳಗೆ, ಮುಳ್ಳು ಚುಚ್ಚದ ಗಟ್ಟಿ ರಬ್ಬರು ಹೊರಗೆ. ಸಕ್ಕರೆ ಕಾಯಿಲೆಯಿರುವ ಸಹೋದ್ಯೋಗಿಗಳು ಮನೆಯಲ್ಲಿ ಇದನ್ನು ಬಳಸುವುದನ್ನು ಕಂಡಿದ್ದೇನೆ, ಜಾಣತನದ ಆಯ್ಕೆ. ಬೆರಳು ತೆರೆದಿರುವ ಕಾರಣಕ್ಕೆ ಡ್ಯೂಟಿಗೆ ಮಾತ್ರ ಇವು ಯಾವುವೂ ಸಲ್ಲವು.

ಕ್ಲಾಗ್: ತೊಳೆಯಲು ಸುಲಭ, ನಂಬಲು ಕಷ್ಟ

ಕ್ರಾಕ್ಸ್ ಮಾದರಿಯ ಕ್ಲಾಗುಗಳು ಈಗ ಎಲ್ಲ ಆಸ್ಪತ್ರೆಗಳಲ್ಲೂ ಕಾಣುತ್ತವೆ. ಸ್ಥಳೀಯ ತಯಾರಿಕೆಯವು ನಾನೂರರಿಂದ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಮೂಲ ಕಂಪನಿಯದಕ್ಕೆ ಅದರ ಮೂರು ನಾಲ್ಕು ಪಟ್ಟು ಕೊಡಬೇಕು. ಹಗುರ, ಮುಂಭಾಗ ಅಗಲ, ನೀರು ತಾಗಿದರೆ ಒರೆಸಿದರಾಯಿತು. ಪಾದ ಊದಿಕೊಳ್ಳುವವರಿಗೆ, ಗರ್ಭಿಣಿಯರಿಗೆ, ಹೆಬ್ಬೆರಳ ಬುಡದ ಮೂಳೆ ಹೊರಬಂದವರಿಗೆ ಆ ಅಗಲವೇ ದೊಡ್ಡ ಉಪಕಾರ.

ಆದರೆ ಮೇಲೆ ತೂತುಗಳಿರುವ ಕ್ಲಾಗ್ ಸೂಜಿಗೂ ರಕ್ತಕ್ಕೂ ದಾರಿ ಬಿಟ್ಟುಕೊಡುತ್ತದೆ. ಕೊಳ್ಳುವುದಾದರೆ ಮೇಲ್ಭಾಗ ಪೂರ್ತಿ ಮುಚ್ಚಿರುವ ಮಾದರಿಯನ್ನೇ ಕೊಳ್ಳಬೇಕು; ಕ್ರಾಕ್ಸ್‌ನಲ್ಲಿ ಬಿಸ್ಟ್ರೊ ಎಂಬುದು ಅಂಥದು, ಅಡುಗೆಮನೆ ಮತ್ತು ಆಸ್ಪತ್ರೆಯ ಕೆಲಸದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾದದ್ದು. ಹಿಮ್ಮಡಿಯ ಪಟ್ಟಿಯನ್ನು ಮುಂದಕ್ಕೆ ಮಡಚದೆ ಹಿಂದೆ ಹಾಕಿಕೊಳ್ಳಬೇಕು. ಪಟ್ಟಿಯಿಲ್ಲದ ಕ್ಲಾಗಿನಲ್ಲಿ ಕೋಡ್ ಬ್ಲೂ ಕರೆಗೆ, ಅಂದರೆ ರೋಗಿಯ ಹೃದಯ ನಿಂತಾಗಿನ ತುರ್ತು ಕರೆಗೆ, ಓಡಲು ಹೊರಟವರು ಬಾಗಿಲ ಬಳಿಯೇ ಮುಗ್ಗರಿಸಿದ್ದನ್ನು ನಾನು ನೋಡಿದ್ದೇನೆ.

ಅಗ್ಗದ ಕ್ಲಾಗಿನ ನಿಜವಾದ ದೋಷ ಇರುವುದು ಅಟ್ಟೆಯಲ್ಲಿ. ಇಡೀ ಶೂ ಇವಿಎ ಎಂಬ ಒಂದೇ ನೊರೆ ಪದಾರ್ಥದಿಂದ ಅಚ್ಚೊತ್ತಿದ್ದಾದರೆ ನೆಲ ಹಿಡಿಯಲು ರಬ್ಬರಿನ ಪದರವೇ ಇರುವುದಿಲ್ಲ, ಒಂದೆರಡು ತಿಂಗಳಲ್ಲಿ ಹಿಮ್ಮಡಿಯ ಕೆಳಗಿನ ಗೆರೆಗಳು ಸವೆದು ನುಣುಪಾಗುತ್ತವೆ. ಅಂಥದೊಂದನ್ನು ಮೆಟ್ಟಿಕೊಂಡು ಹೆರಿಗೆ ವಾರ್ಡಿನ ಒದ್ದೆ ನೆಲದಲ್ಲಿ ಜಾರಿ, ಕೈಯಲ್ಲಿದ್ದ ಟ್ರೇ ಉಳಿಸಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡವಳು ನಾನು. ಇನ್ನೊಂದು ಮಾತು: ಇವಿಎ ಬಿಸಿಗೆ ಕುಗ್ಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕ್ಲಾಗನ್ನು ತೊಳೆದು ಮಾಳಿಗೆಯ ಮೇಲೆ ಒಣಗಿಸಿದರೆ ಸಂಜೆ ಅದು ನಿಮ್ಮ ಕಾಲಿಗೆ ಸೇರದೆ ಮಗಳ ಕಾಲಿಗೆ ಸೇರೀತು. ನೆರಳಿನಲ್ಲಿ ಒಣಗಿಸಬೇಕು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹೊರಗಿನ ಶೂ ಬಾಗಿಲಲ್ಲೇ ಬಿಟ್ಟು ಅಲ್ಲಿನ ಚಪ್ಪಲಿ ಮೆಟ್ಟುವುದು ವಾಡಿಕೆ. ಎಲ್ಲರ ಕಾಲಿಗೂ ಆಗುವ ಆ ಸಾರ್ವಜನಿಕ ಚಪ್ಪಲಿ ಯಾರ ಕಾಲಿಗೂ ಸರಿಯಾಗುವುದಿಲ್ಲ. ಅಲ್ಲೇ ಖಾಯಂ ಪೋಸ್ಟಿಂಗ್ ಇರುವವರು ಇನ್‌ಚಾರ್ಜ್ ಸಿಸ್ಟರ್ ಅವರ ಒಪ್ಪಿಗೆ ಪಡೆದು, ಹೆಸರು ಬರೆದ ಸ್ವಂತ ಮುಚ್ಚು ಕ್ಲಾಗನ್ನು ಒಳಗೇ ಇಟ್ಟುಕೊಳ್ಳುವುದು ಒಳ್ಳೆಯದು. ಉಪಕರಣಗಳನ್ನು ಬಿಸಿ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವಿನಲ್ಲಿ 134 ಡಿಗ್ರಿ ಸೆಲ್ಸಿಯಸ್ ತಡೆಯುವ ಕ್ಲಾಗುಗಳೂ ಮಾರುಕಟ್ಟೆಯಲ್ಲಿವೆ; ಅವು ದುಬಾರಿ, ಮತ್ತು ಆ ಗುರುತಿಲ್ಲದ ಸಾಮಾನ್ಯ ಕ್ಲಾಗನ್ನು ಆಟೋಕ್ಲೇವಿಗೆ ಹಾಕಿದರೆ ಏನಾಗುತ್ತದೆಂದು ಮೇಲಿನ ಮಾಳಿಗೆಯ ಮಾತಿನಿಂದಲೇ ಊಹಿಸಬಹುದು.

ಸ್ಪೋರ್ಟ್ಸ್ ಶೂ: ಹೆಚ್ಚಿನವರಿಗೆ ಒಪ್ಪುವುದು

ಜನರಲ್ ವಾರ್ಡ್, ಕ್ಯಾಶುಯಲ್ಟಿ, ಡಯಾಲಿಸಿಸ್, ಹೊರರೋಗಿ ವಿಭಾಗ, ಅಂದರೆ ನಡಿಗೆ ಮುಖ್ಯವಾದ ಎಲ್ಲ ಕಡೆ ನನ್ನ ಮತ ನಡಿಗೆಗೆಂದು ಮಾಡಿದ, ಲೇಸಿರುವ ಸ್ಪೋರ್ಟ್ಸ್ ಶೂಗೆ. ಪವರ್, ಸ್ಪಾರ್ಕ್ಸ್, ಕ್ಯಾಂಪಸ್ ಮುಂತಾದ ನಮ್ಮ ಪೇಟೆಯ ಬ್ರ್ಯಾಂಡುಗಳಲ್ಲಿ ಸುಮಾರು 1,200ರಿಂದ 2,500 ರೂಪಾಯಿಯೊಳಗೆ ಒಳ್ಳೆಯ ಜೋಡಿ ಸಿಗುತ್ತದೆ. ಹಿಮ್ಮಡಿಯನ್ನು ಹಿಂದಿನಿಂದ ಹಿಡಿದಿಡುವ ಗಟ್ಟಿ ಬಟ್ಟಲು, ನಡುವೆ ನೊರೆಯ ದಪ್ಪ ಪದರ, ಕೆಳಗೆ ರಬ್ಬರು ಈ ಮೂರೂ ಒಂದೇ ಶೂವಿನಲ್ಲಿ ಈ ಬೆಲೆಗೆ ಸಿಗುವುದು ಇಲ್ಲಿ ಮಾತ್ರ. ಲೇಸು ಏಕೆ ಎಂದರೆ, ರಾತ್ರಿ ಎರಡು ಗಂಟೆಗೆ ಪಾದ ಊದಿದಾಗ ಒಂದು ಸುತ್ತು ಸಡಿಲಿಸಬಹುದು. ಲೇಸು ಇಲ್ಲದ ಶೂ ಹಾಗೆ ಕರುಣೆ ತೋರಿಸುವುದಿಲ್ಲ.

ಇಲ್ಲಿಯೇ ಮೆತ್ತನೆಯ ಮೋಸ ಹೆಚ್ಚು ನಡೆಯುವುದು. ಮೆಮೊರಿ ಫೋಮ್ ಎಂಬ ಒಳಅಟ್ಟೆ ದೇಹದ ಬಿಸಿ ಮತ್ತು ಭಾರಕ್ಕೆ ಕರಗಿದಂತೆ ಪಾದದ ಆಕಾರ ತಾಳುತ್ತದೆ, ಆದ್ದರಿಂದ ಅಂಗಡಿಯಲ್ಲಿ ಸ್ವರ್ಗಸುಖ. ಒತ್ತಿದ ಮೇಲೆ ಅದು ನಿಧಾನಕ್ಕೆ ಮೇಲೇಳುವ ಸ್ವಭಾವದ್ದು. ಒಂದರ ಹಿಂದೊಂದು ಹೆಜ್ಜೆ ಬೀಳುತ್ತಿದ್ದರೆ ಮೇಲೇಳಲು ಪುರುಸೊತ್ತಿಲ್ಲದೆ ತೆಳ್ಳಗಾಗಿ, ಕೆಲವು ಗಂಟೆಗಳ ಬಳಿಕ ನೀವು ನಿಂತಿರುವುದು ಅದರ ಕೆಳಗಿನ ಪದರದ ಮೇಲೆ. ಆ ಕೆಳಗಿನ ಪದರ ಗಟ್ಟಿಮುಟ್ಟಾಗಿದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ದುಡ್ಡು ಕೊಟ್ಟದ್ದು ಮೊದಲ ಗಂಟೆಯ ಸುಖಕ್ಕೆ ಮಾತ್ರ.

ಅದನ್ನು ಪರೀಕ್ಷಿಸುವ ಬಗೆ ಕಷ್ಟವಲ್ಲ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿ ನೋಡಿ: ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಬೇಕು, ನಟ್ಟನಡುವೆ ರಟ್ಟಿನಂತೆ ಮಡಚಿಕೊಂಡರೆ ಪಾದದ ಕಮಾನಿಗೆ ಆಧಾರವಿಲ್ಲವೆಂದು ಅರ್ಥ. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ, ಸುಲಭವಾಗಿ ತಿರುಚಬಾರದು. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಸಿಯಬಾರದು. ಅಂಗಡಿಯವರು ಸ್ವಲ್ಪ ಮುಖ ಸಿಂಡರಿಸಿಯಾರು, ಸಿಂಡರಿಸಲಿ.

ಸ್ಪೋರ್ಟ್ಸ್ ಶೂಗಳ ಎರಡು ದೋಷಗಳನ್ನೂ ಹೇಳಬೇಕು. ಗಾಳಿಯಾಡಲೆಂದು ಮೇಲೆ ಬಲೆಯಂಥ ಬಟ್ಟೆ ಇರುವುದರಿಂದ ಚೆಲ್ಲಿದ ದ್ರವ ಒಳಗಿಳಿಯುತ್ತದೆ. ಬಲೆ ಒತ್ತಾಗಿರುವ, ಇಲ್ಲವೆ ಬೆರಳುಗಳ ಮೇಲೆ ರೆಕ್ಸಿನ್ನಿನಂಥ ಹೊದಿಕೆಯಿರುವ ಮಾದರಿ ಆರಿಸಿದರೆ ಇದು ಅರ್ಧ ಪರಿಹಾರ. ಎರಡನೆಯದು ಬಣ್ಣ. ಪೂರ್ತಿ ಬಿಳಿ ಅಥವಾ ಪೂರ್ತಿ ಕಪ್ಪು ಕೇಳುವ ಆಸ್ಪತ್ರೆಗಳಿವೆ, ಕಿತ್ತಳೆ ಗೆರೆಯ ಶೂ ಕೊಂಡು ಮೇಟ್ರನ್ ಅವರಿಂದ ಮಾತು ಕೇಳುವುದಕ್ಕಿಂತ ಮೊದಲೇ ವಿಚಾರಿಸುವುದು ಮೇಲು.

ಚರ್ಮದ ಶೂ ಮತ್ತು ದುಬಾರಿ ಶೂ

ಚರ್ಮದ ಲೇಸ್ ಶೂಗಳನ್ನು ನಮ್ಮ ಹಿರಿಯ ಬ್ರದರ್‌ಗಳು (ಪುರುಷ ಶುಶ್ರೂಷಕರು) ಈಗಲೂ ಮೆಚ್ಚುತ್ತಾರೆ. ಕರ್ನಾಟಕ ಸರ್ಕಾರದ ಲಿಡ್ಕರ್ ಮಳಿಗೆಗಳಲ್ಲಿ ನಿಜವಾದ ಚರ್ಮದ ಶೂಗಳು ದೊರೆಯುತ್ತವೆ, ಹೊಲಿಗೆ ಬಿಟ್ಟರೆ ಬೀದಿ ಬದಿಯಲ್ಲಿ ಕೂತು ದುರಸ್ತಿ ಮಾಡುವವರ ಬಳಿಯೇ ಹೊಲಿಸಬಹುದು, ಅಟ್ಟೆ ಸವೆದರೆ ಹೊಸದು ಹಾಕಿಸಬಹುದು. ಅಚ್ಚೊತ್ತಿದ ಸ್ಪೋರ್ಟ್ಸ್ ಶೂಗೆ ಆ ಭಾಗ್ಯವಿಲ್ಲ. ಚರ್ಮ ದ್ರವವನ್ನು ತಕ್ಷಣ ಹೀರುವುದಿಲ್ಲ, ಸೂಜಿಗೆ ಬಟ್ಟೆಗಿಂತ ಹೆಚ್ಚು ತಡೆ ಒಡ್ಡುತ್ತದೆ. ಆದರೆ ಭಾರ ಹೆಚ್ಚು, ಮೊದಲ ವಾರ ಕಚ್ಚುತ್ತದೆ, ಮತ್ತು ರಕ್ತ ಚೆಲ್ಲಿದಲ್ಲಿ ನಾವು ಬಳಸುವ ಶೇಕಡಾ 1ರ ಹೈಪೊಕ್ಲೋರೈಟ್ ದ್ರಾವಣ ತಾಗಿದರೆ ಬಣ್ಣ ಬಿಟ್ಟು ಬಿರುಸಾಗುತ್ತದೆ. ಮೇಲ್ವಿಚಾರಣೆ, ತರಗತಿ, ಹೊರರೋಗಿ ವಿಭಾಗದ ಕೆಲಸಕ್ಕೆ ಚೆನ್ನ. ಟ್ರಾಲಿಯ ಹಿಂದೆ ಓಡುವವರಿಗೆ ಭಾರವೇ ಶತ್ರು.

ಸ್ಕೆಚರ್ಸ್, ಆಸಿಕ್ಸ್ ಮುಂತಾದ ಅಂತರರಾಷ್ಟ್ರೀಯ ಬ್ರ್ಯಾಂಡುಗಳು ನಾಲ್ಕೈದು ಸಾವಿರದ ಸುತ್ತಿನಲ್ಲಿವೆ. ಅವುಗಳ ನೊರೆ ಬೇಗ ಕುಸಿಯುವುದಿಲ್ಲ, ಅಗಲ ಪಾದದವರಿಗೆಂದೇ ಬೇರೆ ಅಳತೆಗಳಿರುತ್ತವೆ. ಹಿಮ್ಮಡಿ ನೋವು ಈಗಾಗಲೇ ಹಿಡಿದುಕೊಂಡಿರುವವರಿಗೆ ಆ ವ್ಯತ್ಯಾಸ ಬೆಲೆಗೆ ತಕ್ಕದ್ದಾದೀತು. ಹದಿನೈದು ಸಾವಿರ ಸಂಬಳದಲ್ಲಿ ಕೋಣೆ ಬಾಡಿಗೆ ಕಟ್ಟಿ ಮನೆಗೂ ಕಳಿಸುವ ಹುಡುಗಿಗೆ ಅದನ್ನು ಕೊಳ್ಳಲೇಬೇಕೆಂದು ನಾನು ಹೇಳಲಾರೆ. ಹೇಳಬೇಕಾದ ಅಗತ್ಯವೂ ಇಲ್ಲ.

ಪಾಳಿಯ ಲೆಕ್ಕದಲ್ಲಿ ಬೆಲೆ

ಬೆಲೆಯನ್ನು ಜೋಡಿಗೆ ಇಷ್ಟೆಂದು ನೋಡದೆ ಪಾಳಿಗೆ ಇಷ್ಟೆಂದು ನೋಡಿದರೆ ಚಿತ್ರ ಬದಲಾಗುತ್ತದೆ. ತಿಂಗಳಿಗೆ 25 ಪಾಳಿ ಎಂದಿಟ್ಟುಕೊಳ್ಳಿ. ನನ್ನ ಬಳಕೆಯಲ್ಲಿ 500 ರೂಪಾಯಿಯ ಕ್ಯಾನ್ವಾಸ್ ಸುಮಾರು 4 ತಿಂಗಳು ಬಂದಿದೆ, ಅಂದರೆ ಪಾಳಿಗೆ 5 ರೂಪಾಯಿ. 600 ರೂಪಾಯಿಯ ಕ್ಲಾಗ್ 6 ತಿಂಗಳು, ಪಾಳಿಗೆ 4 ರೂಪಾಯಿ. 2,000 ರೂಪಾಯಿಯ ಸ್ಪೋರ್ಟ್ಸ್ ಶೂ 10 ತಿಂಗಳು, ಪಾಳಿಗೆ 8 ರೂಪಾಯಿ. 5,500 ರೂಪಾಯಿಯದು 15 ತಿಂಗಳು, ಪಾಳಿಗೆ ಹೆಚ್ಚುಕಡಿಮೆ 15 ರೂಪಾಯಿ. ದುಬಾರಿಯದು ಬಾಳಿಕೆಯಿಂದಲೇ ಅಗ್ಗವಾಗುತ್ತದೆ ಎಂಬ ಅಂಗಡಿಯವರ ಮಾತು ಇಲ್ಲಿ ನಿಲ್ಲುವುದಿಲ್ಲ. ಹಾಗೆಯೇ ಕ್ಯಾನ್ವಾಸಿಗೂ ಒಳ್ಳೆಯ ಸ್ಪೋರ್ಟ್ಸ್ ಶೂಗೂ ಇರುವ ಅಂತರ ದಿನಕ್ಕೆ 3 ರೂಪಾಯಿ, ಕ್ಯಾಂಟೀನಿನ ಒಂದು ಲೋಟ ಚಹಾಕ್ಕೂ ಸಾಲದಷ್ಟು. ಉಳಿಸಲು ಅದು ಸರಿಯಾದ ಜಾಗವಲ್ಲ.

ತೆರಿಗೆಯೂ ಈ ಲೆಕ್ಕದೊಳಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇಕಡಾ 5, ಅದಕ್ಕಿಂತ ಮೇಲಿನದಕ್ಕೆ ಶೇಕಡಾ 18. ತೆರಿಗೆ ಬಿಟ್ಟು 2,400 ರೂಪಾಯಿಯ ಶೂ ತೆರಿಗೆ ಸೇರಿ 2,520 ಆಗುತ್ತದೆ, 2,600ರದು 3,068 ಆಗುತ್ತದೆ; ಇನ್ನೂರು ರೂಪಾಯಿಯ ಅಂತರ ಬಿಲ್ಲಿನಲ್ಲಿ ಐನೂರ ನಲವತ್ತೆಂಟಕ್ಕೆ ಏರುತ್ತದೆ. ಆ ಗೆರೆಯ ಈಚೆಗೇ ನಿಂತರೆ ಉಳಿದ ಹಣದಲ್ಲಿ ಒಳ್ಳೆಯ ಒಳಅಟ್ಟೆಯೊಂದು ಬರುತ್ತದೆ.

ನನ್ನನ್ನು ಕೇಳಿದರೆ, 3,000 ರೂಪಾಯಿ ಕೈಯಲ್ಲಿರುವವರು ಅಷ್ಟನ್ನೂ ಒಂದೇ ಜೋಡಿಗೆ ಸುರಿಯಬಾರದು. ಎರಡು ಸಾವಿರದ ಆಸುಪಾಸಿನ ಲೇಸ್ ಶೂ ಒಂದು, ಮುಚ್ಚಿದ ಕ್ಲಾಗ್ ಒಂದು ಕೊಂಡು ದಿನ ಬಿಟ್ಟು ದಿನ ಬದಲಿಸಬೇಕು. ಒತ್ತಿಹೋದ ನೊರೆ ಮತ್ತೆ ಏಳಲು, ಬೆವರು ಪೂರ್ತಿ ಆರಲು ಸಮಯ ಸಿಗುತ್ತದೆ. ಒಂದು ಜೋಡಿಗೆ ಏನಾದರೂ ಚೆಲ್ಲಿದರೆ ಮರುದಿನಕ್ಕೆ ಇನ್ನೊಂದಿದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಅನುಕೂಲವಲ್ಲ, ಅನಿವಾರ್ಯ. ಬಸ್ ಸ್ಟ್ಯಾಂಡಿನಿಂದ ನೆನೆದು ಬಂದ ಶೂವಿನಲ್ಲೇ 12 ಗಂಟೆ ಕಳೆದರೆ ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ಹುಳುಕಡ್ಡಿಯಂಥ ಶಿಲೀಂಧ್ರ ಸೋಂಕಿಗೆ ಅದೇ ಬಾಗಿಲು. ವಾರ್ಡಿನ ಶೂ ಲಾಕರಿನಲ್ಲೇ ಇರಲಿ, ದಾರಿಗೆ ಚಪ್ಪಲಿ ಸಾಕು. ಒದ್ದೆಯಾದ ಶೂವಿನೊಳಗೆ ಹಳೆಯ ದಿನಪತ್ರಿಕೆ ತುರುಕಿಟ್ಟರೆ ಬೆಳಗಿನೊಳಗೆ ತೇವ ಹೀರಿರುತ್ತದೆ.

ಅಳತೆ, ಹಿಡಿತ, ಗುರುತು

ಕಾಲು ಬೆಳಗಿಗಿಂತ ಸಂಜೆಗೆ ದೊಡ್ಡದಾಗಿರುತ್ತದೆ. ನಾನೊಮ್ಮೆ ರಜೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಹೋಗಿ, ಆರಾಮದಲ್ಲಿದ್ದ ಪಾದಕ್ಕೆ ಸರಿಯಾಗಿ ಕೂತ ದುಬಾರಿ ಶೂ ಕೊಂಡು ತಂದೆ. ಒಂದು ವಾರದ ನೈಟ್ ಡ್ಯೂಟಿ ಮುಗಿಯುವುದರೊಳಗೆ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ಒಂದು ಬಿದ್ದೇ ಹೋಯಿತು. ಪಾಳಿ ಮುಗಿಸಿ, ಡ್ಯೂಟಿಗೆ ಹಾಕುವ ಸಾಕ್ಸಿನಲ್ಲೇ ಅಂಗಡಿಗೆ ಹೋಗಿ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಉಳಿಯಬೇಕು. ಎರಡು ಪಾದಗಳಲ್ಲಿ ಒಂದು ತುಸು ದೊಡ್ಡದಿರುವುದು ಸಾಮಾನ್ಯ, ಅಳತೆ ದೊಡ್ಡದಕ್ಕೇ. ಹೆರಿಗೆಯ ಬಳಿಕ ಪಾದದ ಅಳತೆ ಅರ್ಧದಿಂದ ಒಂದು ಸೈಜಿನಷ್ಟು ಹೆಚ್ಚಾಗಿ ಹಾಗೆಯೇ ಉಳಿಯುವುದುಂಟು. ರಜೆ ಮುಗಿಸಿ ಬಂದವರು ಹಳೆಯ ನಂಬರನ್ನೇ ನಂಬಬಾರದು.

ನಂಬರಿಗಿಂತ ಹೆಚ್ಚು ಕಾಡುವುದು ಅಗಲ. ನಮ್ಮಲ್ಲಿ ಬಳಕೆಯಲ್ಲಿರುವುದು ಬ್ರಿಟಿಷರ ಅಳತೆ, ನಮ್ಮ ಪಾದ ಮಾತ್ರ ನಮ್ಮದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರದಕ್ಕಿಂತ ಅಗಲವೆಂದು ಕಂಡುಕೊಂಡಿತು. ಅದರ ಆಧಾರದ ಮೇಲೆ ‘ಭ’ ಎಂಬ ಭಾರತೀಯ ಅಳತೆಯ ಪದ್ಧತಿಯನ್ನೂ ಸೂಚಿಸಿತು. ಅಗಲಕ್ಕೆಂದು ಒಂದು ನಂಬರು ದೊಡ್ಡದು ಕೊಂಡು ಉದ್ದದಲ್ಲಿ ಹಿಮ್ಮಡಿ ಜಾರಿಸಿಕೊಳ್ಳುವ ನಮ್ಮ ಅಭ್ಯಾಸದ ಮೂಲ ಇಲ್ಲಿದೆ. ಹೆಂಗಸರ ಮಾದರಿಗಳು ಕಿರಿದೆನಿಸಿದರೆ ಅದೇ ನಂಬರಿನ ಗಂಡಸರ ಶೂ ಹಾಕಿ ನೋಡಿ, ಮುಜುಗರ ಬೇಡ. ಮನೆಯಲ್ಲಿ ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಿ, ಶೂವಿನ ಒಳಅಟ್ಟೆಯನ್ನು ಹೊರತೆಗೆದು ಅದರ ಮೇಲಿಟ್ಟರೆ ಸಾಕು: ಹಾಳೆ ಹೊರಗೆ ಇಣುಕಿದರೆ ಆ ಶೂ ಕಚ್ಚುತ್ತದೆ. ಆನ್‌ಲೈನಿನಲ್ಲಿ ಕೊಂಡರೂ ಈ ಪರೀಕ್ಷೆ ನಡೆಯುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವ ತನಕ ಮಂಚದ ಹಳೆಯ ಹೊದಿಕೆ ಹಾಸಿ ಅದರ ಮೇಲೆ ಮಾತ್ರ ನಡೆಯಿರಿ, ಡಬ್ಬಿ ಎಸೆಯಬೇಡಿ. ವಿದೇಶಿ ಬ್ರ್ಯಾಂಡುಗಳ ನಂಬರು ಅಮೆರಿಕದ್ದೋ ಬ್ರಿಟನ್ನಿನದೋ ನೋಡಿಕೊಳ್ಳಬೇಕು. ಹೆಂಗಸರ ಅಳತೆಯಲ್ಲಿ ಅಮೆರಿಕದ 7 ಎಂದರೆ ನಮ್ಮ 5ರ ಹತ್ತಿರ.

ಕಾಲಿನ ಕಮಾನು ಹೇಗಿದೆ ಎಂದು ತಿಳಿಯಲು ಕೆಂಪು ಗಾರೆಯ ನೆಲವಿದ್ದ ಮನೆಗಳಲ್ಲಿ ಬಚ್ಚಲಿನಿಂದ ಬರುವ ಒದ್ದೆ ಹೆಜ್ಜೆಯೇ ಸಾಕಿತ್ತು. ಇಡೀ ಅಂಗಾಲು ಅಚ್ಚಾದರೆ ಚಪ್ಪಟೆ ಪಾದ: ನಡುವೆ ಆಧಾರ ಗಟ್ಟಿಯಿರುವ ಶೂ ಬೇಕು. ಹಿಮ್ಮಡಿ ಮತ್ತು ಮುಂಗಾಲು ಮಾತ್ರ ಅಚ್ಚಾದರೆ ಕಮಾನು ಎತ್ತರ, ಅವರಿಗೆ ಆಘಾತ ತಡೆಯುವ ದಪ್ಪ ಪದರವೇ ಮುಖ್ಯ.

ಹಿಡಿತದ ಬಗ್ಗೆ ಅಂಗಡಿಯವರ ಭರವಸೆ ಸಾಲದು. ಹೊರಅಟ್ಟೆ ರಬ್ಬರಾಗಿರಲಿ, ಗಟ್ಟಿ ಪಿವಿಸಿ ಒದ್ದೆ ಟೈಲ್ಸಿನ ಮೇಲೆ ಸಾಬೂನಿನಂತೆ ಜಾರುತ್ತದೆ. ಬೆಟ್ಟ ಹತ್ತುವ ಶೂವಿನ ದೊಡ್ಡ ಹಲ್ಲುಗಳಿಗಿಂತ ಹತ್ತಿರಹತ್ತಿರ ಇರುವ ಸಣ್ಣ ಗೆರೆಗಳು ನಯವಾದ ನೆಲಕ್ಕೆ ಒಳ್ಳೆಯವು, ಏಕೆಂದರೆ ನೆಲಕ್ಕೆ ತಾಗುವ ಅಂಚು ಹೆಚ್ಚು, ನೀರು ಹರಿದುಹೋಗಲು ದಾರಿಯೂ ಇದೆ. ಕೆಲಸದ ಶೂಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 20347. ಅದರಡಿ ಎಸ್‌ಆರ್‌ಸಿ ಎಂಬ ಗುರುತಿದ್ದರೆ ಸಾಬೂನು ನೀರಿನ ಟೈಲ್ಸ್ ಮತ್ತು ಗ್ಲಿಸರಿನ್ ಸವರಿದ ಉಕ್ಕು ಎರಡರ ಮೇಲೂ ಪರೀಕ್ಷೆಯಾಗಿದೆಯೆಂದು ಅರ್ಥ. ಮಾನಕದ ಈಚಿನ ಪರಿಷ್ಕರಣೆಯ ಬಳಿಕ ಆ ಜಾಗದಲ್ಲಿ ಎಸ್‌ಆರ್ ಎಂದಿರುತ್ತದೆ. ಹೆರಿಗೆ ವಾರ್ಡಿನವರು, ಬ್ರಿಟನ್, ಐರ್ಲೆಂಡ್, ಗಲ್ಫ್‌ಗೆ ಹೊರಟಿರುವವರು ಈ ಗುರುತನ್ನೇ ಹುಡುಕಬೇಕು. 2024ರ ಆಗಸ್ಟ್ 1ರಿಂದ ನಮ್ಮಲ್ಲಿ ಹಲವು ಬಗೆಯ ಪಾದರಕ್ಷೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಗುರುತಿನ ಕೆಳಗಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ತಾಳೆ ನೋಡಬಹುದು. ಅದು ಪದಾರ್ಥದ ಗುಣಮಟ್ಟ ಹೇಳುತ್ತದೆಯೇ ಹೊರತು ನಿಮ್ಮ ಕಾಲಿನ ಹಿತವನ್ನಲ್ಲ.

ಯಾವಾಗ ಬದಲಿಸುವುದು

ಒಂದು ಪಾಳಿಯಲ್ಲಿ ಮೊಬೈಲು 10,000 ಹೆಜ್ಜೆ ತೋರಿಸಿದರೆ, ಹೆಜ್ಜೆಗೆ 65 ಸೆಂಟಿಮೀಟರಿನಂತೆ ಅದು ಆರೂವರೆ ಕಿಲೋಮೀಟರು. 25 ಪಾಳಿಗೆ 160 ಕಿಲೋಮೀಟರಿಗೂ ಹೆಚ್ಚು. ಓಟಗಾರರು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಶೂ ಬದಲಿಸುತ್ತಾರೆ. ಓಟಕ್ಕಿಂತ ನಡಿಗೆಯಲ್ಲಿ ಬೀಳುವ ಪೆಟ್ಟು ಬಹಳ ಕಡಿಮೆಯಾದ್ದರಿಂದ ನಮಗೆ ಅದರ ದುಪ್ಪಟ್ಟು ದೂರ ಬಂದರೂ ಆಶ್ಚರ್ಯವಿಲ್ಲ, ಎರಡು ಜೋಡಿ ಬದಲಿಸುತ್ತಿದ್ದರೆ ಇನ್ನೂ ಹೆಚ್ಚು. ಮೇಲ್ಭಾಗ ಹೊಸದರಂತಿದ್ದರೂ ಒಳಗಿನ ನೊರೆ ಸತ್ತಿರಬಹುದು. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ: ಹಿಮ್ಮಡಿ ಒಂದು ಕಡೆಗೆ ವಾಲಿದ್ದರೆ, ನಡುಪದರದಲ್ಲಿ ಅಡ್ಡ ಸುಕ್ಕುಗಳು ಎದ್ದಿದ್ದರೆ, ಹೊರಅಟ್ಟೆಯ ಗೆರೆಗಳು ಮಾಸಿದ್ದರೆ ಅದು ಮುಗಿದಂತೆ. ಪಾಲಿಯುರೆಥೇನ್ ಅಟ್ಟೆಯ ಶೂಗಳಿಗೆ ಇನ್ನೊಂದು ಕಾಯಿಲೆಯಿದೆ. ತೇವದ ಗಾಳಿಯಲ್ಲಿ ಬಳಸದೆ ಇಟ್ಟರೆ ಆ ಪದಾರ್ಥ ತಾನಾಗಿ ಒಡೆದು ರೊಟ್ಟಿಯಂತೆ ಉದುರುತ್ತದೆ. ಮಂಗಳೂರು, ಕಾರವಾರದ ಕಡೆಯವರು ರಿಯಾಯಿತಿಯಲ್ಲಿ ಸಿಕ್ಕಿತೆಂದು ಅಂಥ ಶೂ ಕೊಂಡು ಎರಡು ವರ್ಷ ಕಪಾಟಿನಲ್ಲಿ ಇಡಬಾರದು.

ಶೂ ಗಟ್ಟಿಯಿದ್ದು ಒಳಅಟ್ಟೆ ಮಾತ್ರ ತೆಳ್ಳಗಾಗಿದ್ದರೆ ಮುನ್ನೂರು ನಾನೂರು ರೂಪಾಯಿಯ ಹೊಸ ಒಳಅಟ್ಟೆ ಇನ್ನೊಂದಿಷ್ಟು ತಿಂಗಳು ದೂಡುತ್ತದೆ. ಹಳೆಯದನ್ನು ತೆಗೆದು ಹಾಕಬೇಕು, ಅದರ ಮೇಲೆಯೇ ಹಾಕಿದರೆ ಶೂ ಬಿಗಿಯಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚಳಕು ಬಂದು, ಅದು ವಾರಗಟ್ಟಲೆ ಹೋಗದಿದ್ದರೆ ಮಾತ್ರ ಹೊಸ ಶೂ ಹುಡುಕುವುದನ್ನು ಬಿಟ್ಟು ಮೂಳೆ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ರೋಗಿಗಳಿಗೆ ದಿನವೂ ಹೇಳುವ ಈ ಮಾತನ್ನು ನಾವು ನಮಗೆ ಹೇಳಿಕೊಳ್ಳುವುದು ಅಪರೂಪ.

ಇನ್ಸುಲಿನ್ ವಯಲ್ ತೆರೆದ ಕೂಡಲೇ ಅದರ ಮೇಲೆ ದಿನಾಂಕ ಬರೆಯುವುದು ನಮಗೆ ಕೈಗೆ ಬಂದ ಅಭ್ಯಾಸ. ಅದೇ ಮಾರ್ಕರ್ ಪೆನ್ನಿನಲ್ಲಿ ಶೂವಿನ ನಾಲಗೆಯ ಒಳಬದಿಗೂ ಕೊಂಡ ತಿಂಗಳು ಮತ್ತು ವರ್ಷ ಬರೆದಿಡಿ.